ಮಿಶ್ರ ಮಾಧ್ಯಮದ ಶುಭಾಶಯ ಪತ್ರ: ಒದ್ದೆಯ ಕೆಲಸ ಬೇರೆ, ಕಾರ್ಡು ಬೇರೆ

ಕೈಯಿಂದ ಕಾರ್ಡು ಮಾಡಲು ಹೊರಟವರಲ್ಲಿ ಅನೇಕರು ದಪ್ಪ ಹಾಳೆಯೊಂದನ್ನು ನಡುವೆ ಮಡಿಸಿ, ಅದರ ಮುಖದ ಮೇಲೆಯೇ ನೇರವಾಗಿ ಬಣ್ಣ ಬಳಿದು, ಅಂಟು ಹಚ್ಚಿ, ಚಿತ್ರ, ದಾರ, ಗುಂಡಿಗಳನ್ನು ಕೂರಿಸಿಬಿಡುತ್ತಾರೆ. ಮರುದಿನ ನೋಡಿದರೆ ಕಾರ್ಡು ದೋಣಿಯಂತೆ ಬಾಗಿರುತ್ತದೆ, ಮಡಿಕೆಯ ಗೆರೆ ಬಿರಿದಿರುತ್ತದೆ, ಒಳಗಿನ ಬಿಳಿಯ ಭಾಗಕ್ಕೂ ಬಣ್ಣ ಇಳಿದಿರುತ್ತದೆ. ನಾನು ಮಾಡಿದ ಮೊದಲ ಐದಾರು ಕಾರ್ಡುಗಳ ಗತಿಯೂ ಇದೇ ಆಯಿತು. ಅವುಗಳಲ್ಲಿ ಒಂದಂತೂ ಎಷ್ಟು ಸಲ ನಿಲ್ಲಿಸಿದರೂ ಮೇಜಿನ ಮೇಲೆ ಮಲಗಿಬಿಡುತ್ತಿತ್ತು. ತಪ್ಪಿದ್ದದ್ದು ಕೆಲಸದ ಕ್ರಮದಲ್ಲಿ ಎಂಬುದು ತಿಳಿಯಲು ಸಾಕಷ್ಟು ಕಾಗದ ಹಾಳಾಗಬೇಕಾಯಿತು. ಒದ್ದೆಯಾಗುವ ಕೆಲಸವನ್ನೆಲ್ಲ ಬೇರೊಂದು ಕಾಗದದ ಮೇಲೆ ಮುಗಿಸಿ, ಅದು ಪೂರ್ತಿ ಒಣಗಿ ಚಪ್ಪಟೆಯಾದ ಮೇಲೆ ಮಾತ್ರ ಕಾರ್ಡಿನ ಮುಖಕ್ಕೆ ಅಂಟಿಸಿದರೆ ಈ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಬಣ್ಣ, ಕಾಗದ, ಬಟ್ಟೆ, ದಾರಗಳಂಥ ಬೇರೆ ಬೇರೆ ವಸ್ತುಗಳು ಒಂದೇ ಕೃತಿಯಲ್ಲಿ ಸೇರುವುದನ್ನು ಮಿಶ್ರ ಮಾಧ್ಯಮ ಎನ್ನುತ್ತಾರೆ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ್ದ ಎಣ್ಣೆಬಟ್ಟೆಯ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗದ ಅಂಚು ಕಟ್ಟಿದ್ದು ಈ ದಾರಿಯ ಆರಂಭದ ಹೆಜ್ಜೆಗಳಲ್ಲಿ ಒಂದು. ಬಿಗಿದು ಕಟ್ಟಿದ ಕ್ಯಾನ್ವಾಸು ಭಾರವನ್ನೂ ತೇವವನ್ನೂ ತಾಳಿಕೊಳ್ಳುತ್ತದೆ. ಮಡಿಸಿದ ಕಾಗದಕ್ಕೆ ಆ ತಾಳಿಕೆ ಇಲ್ಲ, ಅದೂ ಅಲ್ಲದೆ ಕಾರ್ಡು ತೆರೆದು ಮುಚ್ಚಬೇಕು, ಲಕೋಟೆಯೊಳಗೆ ಹೋಗಬೇಕು. ಆದ್ದರಿಂದ ಕ್ಯಾನ್ವಾಸಿನ ವಿಧಾನಗಳನ್ನು ಇಲ್ಲಿಗೆ ತರುವಾಗ ಕಾಗದದ ಸ್ವಭಾವವನ್ನು ಮೊದಲು ಅರಿತಿರಬೇಕು.

ಕಾಗದ, ಅಳತೆ ಮತ್ತು ನಾರಿನ ದಿಕ್ಕು

ಕಾಗದದ ದಪ್ಪವನ್ನು ಸಾಮಾನ್ಯವಾಗಿ ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಪ್ರಿಂಟರಿಗೆ ಹಾಕುವ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ. ಕಾರ್ಡಿನ ಬುಡಕ್ಕೆ, ಅಂದರೆ ಮಡಿಸುವ ಮೂಲ ಹಾಳೆಗೆ, 250ರಿಂದ 300 ಜಿಎಸ್‌ಎಂನ ನಯವಾದ ಕಾರ್ಡ್‌ಶೀಟ್ ಬೇಕು. ಒದ್ದೆಯ ಕೆಲಸಕ್ಕೆ 300 ಜಿಎಸ್‌ಎಂನ ಜಲವರ್ಣ ಕಾಗದವೇ ಒಳ್ಳೆಯದು. ಇಲ್ಲಿ ಉಳಿತಾಯ ಮಾಡಲು ಹೋಗಿ ತೆಳುವಾದ ಹಾಳೆ ತಂದರೆ ಮುಂದಿನ ಪ್ರತಿ ಹಂತದಲ್ಲೂ ಅದರೊಂದಿಗೆ ಗುದ್ದಾಡಬೇಕಾಗುತ್ತದೆ.

ಎ4 ಹಾಳೆಯ ಅಳತೆ 210 × 297 ಮಿ.ಮೀ. ಅದನ್ನು ಎರಡಾಗಿ ಕತ್ತರಿಸಿ ಪ್ರತಿ ತುಂಡನ್ನೂ ಮಡಿಸಿದರೆ 105 × 148 ಮಿ.ಮೀ. ಅಳತೆಯ, ಅಂದರೆ ಎ6 ಗಾತ್ರದ ಎರಡು ಕಾರ್ಡುಗಳಾಗುತ್ತವೆ. ಆದರೆ ಕತ್ತರಿಸುವುದು ಅಡ್ಡಕ್ಕೋ ಉದ್ದಕ್ಕೋ ಎಂಬುದನ್ನು ಕಾಗದವನ್ನೇ ಕೇಳಿ ನಿರ್ಧರಿಸಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಗೆರೆ ನೇರವಾಗಿ, ನುಣುಪಾಗಿ ಬರುತ್ತದೆ; ಅಡ್ಡಲಾಗಿ ಮಡಿಸಿದರೆ ನಾರುಗಳು ಮುರಿದು ಅಂಚು ಒರಟಾಗುತ್ತದೆ. ಹಾಳೆಯನ್ನು ಗೆರೆ ಬೀಳದ ಹಾಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಮೆಲ್ಲಗೆ ಬಾಗಿಸಿ ನೋಡಿದರೆ, ಯಾವ ಕಡೆ ಬಾಗಿಸಿದಾಗ ಕೈಗೆ ಎದುರೊತ್ತು ಕಡಿಮೆಯೋ ಆ ಮಡಿಕೆಯ ಉದ್ದಕ್ಕೇ ನಾರು ಓಡುತ್ತಿದೆ ಎಂದು ತಿಳಿಯಬಹುದು. ನಾರು 297 ಮಿ.ಮೀ. ಬದಿಗೆ ಸಮಾನಾಂತರವಾಗಿದ್ದರೆ ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ, 210 ಮಿ.ಮೀ. ಬದಿಯ ನಡುವೆ, ಅಂದರೆ 105 ಮಿ.ಮೀ. ಗುರುತಿನಲ್ಲಿ ಮಡಿಸಬೇಕು. ನಾರು 210 ಮಿ.ಮೀ. ಬದಿಗೆ ಸಮಾನಾಂತರವಾಗಿದ್ದರೆ ಉದ್ದಕ್ಕೆ ಸೀಳಿ, 105 ಮಿ.ಮೀ. ಅಗಲದ ಉದ್ದನೆಯ ಪಟ್ಟಿಯನ್ನು ನಡುವೆ ಮಡಿಸಬೇಕು. ಎರಡು ಕ್ರಮದಲ್ಲೂ ಕಾರ್ಡಿನ ಗಾತ್ರ ಒಂದೇ, ಮಡಿಕೆ ಬರುವ ಬದಿ ಮಾತ್ರ ಬೇರೆ.

ಮಡಿಸುವ ಮೊದಲು ಗೀರು ಹಾಕುವುದನ್ನು ಬಿಡಬಾರದು. ಸ್ಟೀಲ್ ಸ್ಕೇಲನ್ನು ಮಡಿಕೆಯ ಗುರುತಿಗೆ ಒತ್ತಿ ಹಿಡಿದು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಎರಡು ಮೂರು ಸಲ ಹಗುರವಾಗಿ ಎಳೆದರೆ ಸಾಕು. ಒಂದೇ ಸಲ ಜೋರಾಗಿ ಒತ್ತಿ ಎಳೆದರೆ ಕಾಗದದ ಮೇಲ್ಪದರ ಹರಿಯುತ್ತದೆ. ಗೀರಿದ ಕಡೆ ತಗ್ಗು, ಹಿಂಬದಿಯಲ್ಲಿ ಸಣ್ಣ ಉಬ್ಬು ಮೂಡುತ್ತದೆ. ಆ ಉಬ್ಬು ಮಡಿಕೆಯ ಒಳಗಡೆಗೆ ಬರುವಂತೆ ಮಡಿಸಬೇಕು ಎಂಬುದು ಹಲವರಿಗೆ ವಿಚಿತ್ರವೆನಿಸುತ್ತದೆ, ಏಕೆಂದರೆ ತಗ್ಗಿನ ಕಡೆಗೇ ಕಾಗದ ಸುಲಭವಾಗಿ ಮಡಿಯಬೇಕೆಂದು ಕಣ್ಣು ಹೇಳುತ್ತದೆ. ಆದರೆ ಉಬ್ಬು ಒಳಗಿದ್ದಾಗ ಹೊರಗಿನ ನಾರುಗಳ ಮೇಲೆ ಎಳೆತ ಕಡಿಮೆಯಾಗಿ ಮಡಿಕೆ ಬಿರಿಯುವುದಿಲ್ಲ.

ಒದ್ದೆಯ ಕೆಲಸ

ಕಾಗದದ ನಾರು ನೀರು ಕುಡಿದಾಗ ಉದ್ದಕ್ಕಿಂತ ಹೆಚ್ಚಾಗಿ ಅಗಲಕ್ಕೆ ಉಬ್ಬುತ್ತದೆ. ಒಂದು ಮುಖ ಮಾತ್ರ ಒದ್ದೆಯಾದರೆ ಆ ಮುಖ ಹಿಗ್ಗಿ, ಇನ್ನೊಂದು ಇದ್ದಂತೆಯೇ ಉಳಿದು, ಹಾಳೆ ಸುರುಳಿಯಾಗುತ್ತದೆ. ಅಕ್ರಿಲಿಕ್ ಬಣ್ಣವಾಗಲಿ, ಬಿಳಿ ಅಂಟಾಗಲಿ, ಬಣ್ಣಕ್ಕೆ ಮೊದಲು ಬಳಿಯುವ ಜೆಸ್ಸೊ ಎಂಬ ಬಿಳಿ ಲೇಪವಾಗಲಿ ಎಲ್ಲವೂ ನೀರಿನಲ್ಲಿ ಕಲಸಿದ ವಸ್ತುಗಳೇ. ಹೀಗಿರುವಾಗ ಮಡಿಸಿದ ಕಾರ್ಡನ್ನು ಇವುಗಳಿಂದ ದೂರವಿಟ್ಟು, ಎ4 ಗಾತ್ರದ ಜಲವರ್ಣ ಕಾಗದವೊಂದರ ನಾಲ್ಕು ಅಂಚುಗಳನ್ನೂ ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ, ಇಡೀ ಹಾಳೆಯ ಮೇಲೆ ಸ್ವಚ್ಛಂದವಾಗಿ ಕೆಲಸ ಮಾಡುವುದು ಲೇಸು. ಒಂದು ಸಣ್ಣ ಚೌಕದೊಳಗೆ ಎಲ್ಲವನ್ನೂ ಸರಿಯಾಗಿ ಕೂರಿಸಬೇಕೆಂಬ ಬಿಗಿತ ಇದರಿಂದ ಹೋಗುತ್ತದೆ. ಕೊನೆಗೆ ಒಳ್ಳೆಯ ಭಾಗಗಳನ್ನಷ್ಟೇ ಕತ್ತರಿಸಿ ತೆಗೆದುಕೊಳ್ಳಬಹುದು.

ಮೊದಲಿಗೆ ಜೆಸ್ಸೊವನ್ನು ತೆಳುವಾಗಿ ಬಳಿಯಬೇಕು. ಸೀಮೆಸುಣ್ಣದಂಥ ಪುಡಿ ಮತ್ತು ಬಿಳಿ ವರ್ಣದ್ರವ್ಯವನ್ನು ಅಕ್ರಿಲಿಕ್ ಅಂಟಿನಲ್ಲಿ ಕಲಸಿದ ಈ ಲೇಪ ಕಾಗದ ನೀರು ಹೀರುವುದನ್ನು ತಗ್ಗಿಸಿ, ಮೇಲೆ ಬರುವ ಪದರಗಳಿಗೆ ಹಿಡಿತ ಕೊಡುವಷ್ಟು ಒರಟುತನವನ್ನು ಒದಗಿಸುತ್ತದೆ. ಟೇಪು ಹಚ್ಚುವ ಮೊದಲೇ ಹಿಂಬದಿಗೂ ಒಂದು ಕೈ ಬಳಿದು ಒಣಗಿಸಿಕೊಂಡರೆ ಎರಡೂ ಮುಖಗಳ ಎಳೆತ ಸಮನಾಗಿ ಹಾಳೆ ಬಾಗುವುದು ಕಡಿಮೆಯಾಗುತ್ತದೆ.

ಎರಡನೆಯದು ಕೊಲಾಜಿನ, ಅಂದರೆ ಕಾಗದದ ತುಂಡುಗಳನ್ನು ಅಂಟಿಸಿ ಕಟ್ಟುವ ಚಿತ್ರದ ಪದರ. ಟಿಶ್ಯೂ ಪೇಪರ್, ಹಳೆಯ ಪುಸ್ತಕದ ಪುಟ, ಸಂಗೀತದ ಸ್ವರಲಿಪಿಯ ಹಾಳೆ, ನಕ್ಷೆಯ ತುಂಡು ಇವೆಲ್ಲ ಚೆನ್ನಾಗಿ ಕೂರುತ್ತವೆ. ಕತ್ತರಿಯಿಂದ ಕತ್ತರಿಸಿದ ಅಂಚಿಗಿಂತ ಕೈಯಿಂದ ಹರಿದ ಅಂಚು ಹಿನ್ನೆಲೆಯಲ್ಲಿ ಹೆಚ್ಚು ಸಹಜವಾಗಿ ಬೆರೆಯುತ್ತದೆ. ಮ್ಯಾಟ್ ಮೀಡಿಯಂ ಎಂಬ ಹೊಳಪಿಲ್ಲದ ಅಕ್ರಿಲಿಕ್ ಅಂಟು ಅಥವಾ ನೀರು ಬೆರೆಸಿದ ಬಿಳಿ ಅಂಟನ್ನು ಕೆಳಗೆ ಬಳಿದು, ಕಾಗದದ ತುಂಡನ್ನಿಟ್ಟು, ಮೇಲೆಯೂ ಅದನ್ನೇ ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ಸವರಿದರೆ ಗಾಳಿಯ ಗುಳ್ಳೆಗಳು ಹೊರಹೋಗುತ್ತವೆ. ಸುದ್ದಿಪತ್ರಿಕೆಯ ಕಾಗದದ ಬಗ್ಗೆ ಮಾತ್ರ ಎಚ್ಚರ ಬೇಕು: ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಗಾಳಿಗೆ ಹಳದಿಗಟ್ಟುತ್ತದೆ. ಹಳೆಯ ಕಾಲದ ಛಾಯೆ ಬೇಕೆಂದಿದ್ದರೆ ಅದೂ ಒಂದು ಚೆಲುವೇ, ಬಿಳಿಯಾಗಿಯೇ ಉಳಿಯಬೇಕೆಂದಿದ್ದರೆ ಒಳ್ಳೆಯ ಕಾಗದದ ಮೇಲೆ ನಕಲು ತೆಗೆದು ಬಳಸಬೇಕು. ನಕಲು ಲೇಸರ್ ಪ್ರಿಂಟರಿನದೋ ಜೆರಾಕ್ಸ್ ಯಂತ್ರದ್ದೋ ಆಗಿರಲಿ, ಏಕೆಂದರೆ ಅವುಗಳ ಟೋನರ್ ಕಾಗದಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ಕಿನ ಪುಡಿ. ಇಂಕ್‌ಜೆಟ್ ಪ್ರಿಂಟರಿನ ಶಾಯಿ ಬಹಳ ಸಲ ಬ್ರಷ್ಷು ತಾಗಿದ ಕೂಡಲೇ ಹರಡಿಕೊಳ್ಳುತ್ತದೆ.

ಟೋನರಿನ ಈ ಗುಣದಿಂದ ಇನ್ನೊಂದು ಸೊಗಸಾದ ಕೆಲಸವೂ ಸಾಧ್ಯ. ಒಣಗಿದ ಹಿನ್ನೆಲೆಯ ಮೇಲೆ ಜೆಲ್ ಮೀಡಿಯಂ ಎಂಬ ದಪ್ಪನೆಯ ಅಕ್ರಿಲಿಕ್ ಅಂಟನ್ನು ಬಳಿದು, ಜೆರಾಕ್ಸ್ ಪ್ರತಿಯ ಮುದ್ರಿತ ಮುಖವನ್ನು ಕೆಳಗಾಗಿಸಿ ಒತ್ತಿ, ರಾತ್ರಿಯಿಡೀ ಒಣಗಲು ಬಿಡಬೇಕು. ಮರುದಿನ ಹಿಂಬದಿಯನ್ನು ಒದ್ದೆ ಮಾಡಿ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಎಳೆ ಎಳೆಯಾಗಿ ಎದ್ದುಬಂದು, ಚಿತ್ರ ಮಾತ್ರ ಮೀಡಿಯಂನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಚಿತ್ರ ಎಡಬಲ ತಿರುಗಿ ಮೂಡುವುದರಿಂದ ಅಕ್ಷರಗಳಿದ್ದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಮುದ್ರಿಸಿಕೊಳ್ಳಬೇಕು. ಅಲ್ಲಲ್ಲಿ ಚಿತ್ರ ಹರಿದುಹೋಗುವುದು ಈ ವಿಧಾನದಲ್ಲಿ ತಪ್ಪಿದ್ದಲ್ಲ, ಅದಕ್ಕಾಗಿಯೇ ಇದನ್ನು ಇಷ್ಟಪಡುವವರೂ ಇದ್ದಾರೆ.

ಬಣ್ಣದ ಸರದಿ ಇದಾದ ಮೇಲೆ. ಅಕ್ರಿಲಿಕ್ ಬಣ್ಣದಲ್ಲಿರುವ ನೀರು ಆರಿದಾಗ ಅದರೊಳಗಿನ ಪಾಲಿಮರ್ ಕಣಗಳು ಒಂದಕ್ಕೊಂದು ಬೆಸೆದು, ಮತ್ತೆ ನೀರಿಗೆ ಕರಗದ ಪೊರೆಯಾಗುತ್ತವೆ. ಆದ್ದರಿಂದ ಕೆಂಪಿನ ಮೇಲೆ ಹಸಿರು ಬೇಕಾದರೆ ಕೆಂಪು ಪೂರ್ತಿ ಒಣಗಲು ಬಿಟ್ಟರೆ ಎರಡೂ ತಮ್ಮ ತಮ್ಮ ಕಾಂತಿಯಲ್ಲೇ ಉಳಿಯುತ್ತವೆ. ಅವಸರಪಟ್ಟರೆ ಎರಡೂ ಕಲೆತು ಕೆಸರಿನ ಬಣ್ಣ ಬರುತ್ತದೆ. ಕೆಸರು ಎಂಬ ಈ ಒಂದು ಕಾರಣಕ್ಕೇ ಹವ್ಯಾಸವನ್ನು ಬಿಟ್ಟವರಿದ್ದಾರೆ, ಕಾದಿದ್ದರೆ ಸಾಕಿತ್ತು. ಜಲವರ್ಣ ಹಾಗಲ್ಲ, ಒಣಗಿದ ಮೇಲೂ ನೀರು ತಾಗಿದರೆ ಎದ್ದುಬರುತ್ತದೆ, ಜೆಸ್ಸೊದ ಮೇಲೆ ಸರಿಯಾಗಿ ನಿಲ್ಲುವುದೂ ಇಲ್ಲ. ಮೇಣದ ಕ್ರೇಯಾನ್ ಮತ್ತು ಎಣ್ಣೆಯ ಪೇಸ್ಟಲ್‌ಗಳು ನೀರನ್ನು ತಳ್ಳುವುದರಿಂದ ಅವುಗಳನ್ನು ಕೊನೆಯ ಪದರವಾಗಿ ಬಳಸಬೇಕು. ಇಲ್ಲವಾದರೆ ಜೆಸ್ಸೊ ಹಚ್ಚದ ಕಾಗದದ ಮೇಲೆ ಮೊದಲೇ ಗೀಚಿ, ಮೇಲೆ ಜಲವರ್ಣ ಹರಿಸಿ, ಬಣ್ಣ ಹಿಡಿಯದ ಗೆರೆಗಳನ್ನೇ ವಿನ್ಯಾಸವಾಗಿ ಉಳಿಸಿಕೊಳ್ಳಬಹುದು.

ವಿನ್ಯಾಸದ ಆಕಾರದಲ್ಲಿ ತೂತು ಕೊರೆದ ಸ್ಟೆನ್ಸಿಲ್ ಹಾಳೆಯ ಮೇಲೆ ಟೆಕ್ಸ್ಚರ್ ಪೇಸ್ಟ್ ಎಂಬ ಗಟ್ಟಿ ಲೇಪವನ್ನು ಚಪ್ಪಟೆ ಚಾಕುವಿನಿಂದ ಎಳೆದರೆ ಉಬ್ಬಿದ ವಿನ್ಯಾಸ ಸಿಗುತ್ತದೆ. ಸುಮಾರು ಒಂದು ಮಿ.ಮೀ. ದಪ್ಪ ಸಾಕು. ಸ್ಟೆನ್ಸಿಲ್ಲನ್ನು ತಕ್ಷಣ ತೊಳೆಯದಿದ್ದರೆ ಪೇಸ್ಟು ಅದರ ಮೇಲೆಯೇ ಗಟ್ಟಿಯಾಗುತ್ತದೆ.

ಚೌಕಟ್ಟು ಹಿಡಿದು ಆರಿಸುವುದು

ಹಾಳೆ ಪೂರ್ತಿ ಒಣಗಿದ ಮೇಲೆ ಟೇಪು ಬಿಡಿಸಿ, ಎರಡು ಬಟರ್ ಪೇಪರುಗಳ ನಡುವೆ ಇಟ್ಟು, ಭಾರವಾದ ಪುಸ್ತಕಗಳಡಿಯಲ್ಲಿ ಒಂದು ರಾತ್ರಿ ಒತ್ತಿಡಬೇಕು. ಆಮೇಲೆ ರಟ್ಟಿನಲ್ಲಿ 95 × 138 ಮಿ.ಮೀ. ಅಳತೆಯ ಕಿಟಕಿ ಕತ್ತರಿಸಿ ಹಾಳೆಯ ಮೇಲೆ ಅತ್ತಿತ್ತ ಸರಿಸಿ ನೋಡಿದರೆ, ಮಾಡುವಾಗ ಗಮನಕ್ಕೇ ಬಾರದ ಸಂಯೋಜನೆಗಳು ಕಾಣಿಸುತ್ತವೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಆರಿಸಿದ ಭಾಗವನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಸ್ಟೀಲ್ ಸ್ಕೇಲ್ ಮತ್ತು ಹೊಸ ಅಲಗಿನ ಕಟರಿನಿಂದ ಕತ್ತರಿಸಬೇಕು. ಅದರ ಕೆಳಗೆ 99 × 142 ಮಿ.ಮೀ. ಅಳತೆಯ ಒಂದೇ ಬಣ್ಣದ ಕಾರ್ಡ್‌ಶೀಟ್ ಇಟ್ಟರೆ ಸುತ್ತಲೂ 2 ಮಿ.ಮೀ. ಅಂಚು ಕಾಣುತ್ತದೆ, ಅದರಾಚೆ ಕಾರ್ಡಿನ ಬುಡದ 3 ಮಿ.ಮೀ. ಉಳಿಯುತ್ತದೆ.

ಇಷ್ಟು ಗದ್ದಲದ ಹಿನ್ನೆಲೆಯ ಮೇಲೆ ಮುಖ್ಯ ಚಿತ್ರವೊಂದು ಎದ್ದು ಕಾಣಬೇಕಾದರೆ ಅದಕ್ಕೆ ವಿರಾಮದ ಜಾಗ ಬೇಕು. ಇಂಗ್ಲೆಂಡಿನ ಮೇರಿ ಡೆಲಾನಿ 1772ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ ಹೂಗಿಡಗಳ ಚಿತ್ರ ಕಟ್ಟಲು ತೊಡಗಿ, ಸುಮಾರು ಹತ್ತು ವರ್ಷಗಳಲ್ಲಿ ಸಾವಿರದ ಹತ್ತಿರ ಚಿತ್ರಗಳನ್ನು ಮುಗಿಸಿದರು. ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದೊಂದು ಹೂವಿಗೂ ಅಷ್ಟೊಂದು ಚೂರುಗಳನ್ನು ಬಳಸಿದ ಅವರು ಹಿನ್ನೆಲೆಯನ್ನು ಮಾತ್ರ ಬರಿಯ ಕಪ್ಪಾಗಿ ಇಟ್ಟುಕೊಂಡರು. ಹಿನ್ನೆಲೆ ತುಂಬಿದ್ದರೆ ಚಿತ್ರ ಸರಳವಾಗಿರಲಿ, ಚಿತ್ರದಲ್ಲಿ ಕುಸುರಿ ಹೆಚ್ಚಿದ್ದರೆ ಹಿನ್ನೆಲೆ ತೆಪ್ಪಗಿರಲಿ. ಎರಡನ್ನೂ ತುಂಬಿಸಿದ ಕಾರ್ಡಿನಲ್ಲಿ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ.

ಸ್ಟ್ಯಾಂಪನ್ನು ಉಬ್ಬುತಗ್ಗಿನ ಮೇಲೆ ಒತ್ತಿದರೆ ಅರ್ಧಂಬರ್ಧ ಮೂಡುತ್ತದೆ, ಹಾಗಾಗಿ ನಯವಾದ ಬೇರೆ ಕಾಗದದ ಮೇಲೆ ಒತ್ತಿ ಕತ್ತರಿಸಿ ಅಂಟಿಸಬೇಕು. ಬಿಸಿಗೆ ಕರಗಿ ಉಬ್ಬುವ ಎಂಬಾಸಿಂಗ್ ಪುಡಿಯಿಂದ ಅಕ್ಷರಗಳನ್ನು ಉಬ್ಬಿಸುವುದಾದರೆ ನಿಧಾನವಾಗಿ ಒಣಗುವ ಪಿಗ್ಮೆಂಟ್ ಶಾಯಿಯಲ್ಲಿ ಸ್ಟ್ಯಾಂಪ್ ಒತ್ತಿ, ಹಸಿ ಇರುವಾಗಲೇ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಹೀಟ್ ಗನ್ನಿನ ಬಿಸಿಗಾಳಿ ಹಿಡಿಯಬೇಕು. ಕೂದಲು ಒಣಗಿಸುವ ಡ್ರೈಯರಿನಲ್ಲಿ ಇದು ಆಗುವುದಿಲ್ಲ. ಅದರ ಬಿಸಿ ಕಡಿಮೆ, ಗಾಳಿ ಜೋರು, ಪುಡಿಯೆಲ್ಲ ಹಾರಿಹೋಗುತ್ತದೆ.

ಜೋಡಣೆ ಮತ್ತು ಲಕೋಟೆ

ಪದರಗಳನ್ನು ಕಾರ್ಡಿಗೆ ಸೇರಿಸುವಾಗ ಮತ್ತೆ ಒದ್ದೆ ಅಂಟನ್ನು ಧಾರಾಳವಾಗಿ ಬಳಿದರೆ ಇಷ್ಟು ಹೊತ್ತು ಕಾದದ್ದು ವ್ಯರ್ಥ. ಎರಡೂ ಬದಿ ಅಂಟುವ ಟೇಪು ಇಲ್ಲಿಗೆ ತಕ್ಕದ್ದು. ಮುಖ್ಯ ಚಿತ್ರವನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸಬೇಕಾದರೆ ಅದರಡಿ ಫೋಮ್ ಟೇಪಿನ ಸಣ್ಣ ಚೌಕಗಳನ್ನು ಇಡಬಹುದು. ದಾರದ ಹೊಲಿಗೆ ಹಾಕುವುದಾದರೆ ಕತ್ತರಿಸಿಕೊಂಡ ಚಿತ್ರದ ಫಲಕವನ್ನು ಕಾರ್ಡಿಗೆ ಅಂಟಿಸುವ ಮೊದಲೇ ಹಾಕಬೇಕು, ಆಗ ಹಿಂದಿನ ಗಂಟುಗಳು ಅಡಗುತ್ತವೆ. ಮೊದಲು ಗುಂಡುಸೂಜಿಯಿಂದ 4 ಅಥವಾ 5 ಮಿ.ಮೀ. ಅಂತರದಲ್ಲಿ ತೂತು ಮಾಡಿಕೊಂಡು ಆಮೇಲೆ ದಾರ ಪೋಣಿಸಬೇಕು. ತೂತುಗಳು ತೀರ ಹತ್ತಿರವಾದರೆ ಅಂಚೆಚೀಟಿಯ ಹಾಳೆಯಂತೆ ಕಾಗದ ಅದೇ ಗೆರೆಯಲ್ಲಿ ಹರಿದು ಬರುತ್ತದೆ. ಬುಡದ ಕಾರ್ಡು ಗಾಢ ಬಣ್ಣದ್ದಾಗಿದ್ದರೆ ಬರೆಯಲು ಒಳಗೊಂದು ಬಿಳಿಯ ಹಾಳೆ ಅಂಟಿಸಬೇಕಾಗುತ್ತದೆ. ಒಳಗೆ ಬರೆಯುವ ಮಾತನ್ನು ಅಂಟಿಸುವ ಮೊದಲೇ ಬರೆದುಕೊಂಡರೆ, ಅಕ್ಷರ ತಪ್ಪಿದಾಗ ಹೋಗುವುದು ಒಂದು ಹಾಳೆ ಮಾತ್ರ.

ಎ6 ಕಾರ್ಡಿಗೆ ಹೊಂದುವ ಸಿ6 ಲಕೋಟೆಯ ಅಳತೆ 114 × 162 ಮಿ.ಮೀ. ಇದನ್ನು ಮನೆಯಲ್ಲೇ ಮಾಡಲು ಎ4 ಹಾಳೆಯಿಂದ 210 ಮಿ.ಮೀ.ನ ಚೌಕ ಕತ್ತರಿಸಿ, ಮೂಲೆಯೊಂದು ತಮ್ಮ ಕಡೆಗೆ ಬರುವಂತೆ ವಜ್ರಾಕಾರದಲ್ಲಿ ಇಟ್ಟು, ನಡುವೆ 114 × 162 ಮಿ.ಮೀ.ನ ಆಯತವನ್ನು ಅಡ್ಡಲಾಗಿ ಹಗುರವಾಗಿ ಬರೆಯಬೇಕು. ಆಯತದ ನಾಲ್ಕು ಮೂಲೆಗಳಿಂದ ಹಾಳೆಯ ಅಂಚಿನವರೆಗೆ ಒಂದೊಂದು ಸಣ್ಣ ತ್ರಿಕೋನ ಕತ್ತರಿಸಿ ತೆಗೆದು, ಗೆರೆಗಳ ಮೇಲೆ ಗೀರು ಹಾಕಿ, ಮೊದಲು ಎಡಬಲದ ರೆಕ್ಕೆಗಳನ್ನು ಒಳಕ್ಕೆ ಮಡಿಸಿ, ಕೆಳಗಿನದನ್ನು ಅವುಗಳ ಮೇಲೆ ಅಂಟಿಸಿದರೆ, ಮೇಲಿನ ರೆಕ್ಕೆ ಮುಚ್ಚಳವಾಗುತ್ತದೆ. ಗುಂಡಿ, ಫೋಮ್ ಟೇಪುಗಳಿಂದ ಕಾರ್ಡು ಮೂರು ನಾಲ್ಕು ಮಿ.ಮೀ.ಗಿಂತ ದಪ್ಪವಾಗಿದ್ದರೆ ಚಪ್ಪಟೆ ಲಕೋಟೆ ಸಾಲದು. ರಟ್ಟಿನ ತೆಳುವಾದ ಪೆಟ್ಟಿಗೆ ಬೇಕು.

ಅಕ್ರಿಲಿಕ್ ಪೊರೆ ಮುಟ್ಟಲು ಒಣಗಿದಂತಿದ್ದರೂ ಒತ್ತಡ ಮತ್ತು ಸೆಕೆಯಲ್ಲಿ ಪಕ್ಕದ ಕಾಗದಕ್ಕೆ ಕಚ್ಚಿಕೊಳ್ಳುವ ಸ್ವಭಾವದ್ದು. ಮುಗಿದ ಕಾರ್ಡನ್ನು ಎರಡು ಮೂರು ದಿನ ಗಾಳಿಗೆ ತೆರೆದಿಟ್ಟು, ಲಕೋಟೆಗೆ ಹಾಕುವಾಗ ಅದರ ಮುಖದ ಮೇಲೆ ಒಂದು ಬಟರ್ ಪೇಪರ್ ಇಟ್ಟರೆ, ತೆರೆಯುವವರ ಕೈಗೆ ಬಣ್ಣದ ಜೊತೆ ಲಕೋಟೆಯ ಒಳಪದರವೂ ಕಿತ್ತು ಬರುವುದಿಲ್ಲ.