ಚೀಶಿ ಹಬ್ಬದ ಪ್ರೇಮಕಥೆಯನ್ನು ಆಕಾಶದಲ್ಲಿ ಓದುವ ಬಗೆ

ಚೀನಾದ ಚೀಶಿ ಹಬ್ಬದ ಕಥೆ ಪುಸ್ತಕದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ತಲೆಯ ಮೇಲಿದೆ. ದೇವಲೋಕದಲ್ಲಿ ಮೋಡದ ಬಟ್ಟೆ ನೇಯುವ ಝೀನ್ಯೂ ಭೂಮಿಗಿಳಿದು, ದನ ಕಾಯುವ ನ್ಯೂಲಾಂಗ್‌ನನ್ನು ಮದುವೆಯಾಗುತ್ತಾಳೆ. ಎರಡು ಮಕ್ಕಳಾಗುತ್ತವೆ. ಅವಳನ್ನು ಮತ್ತೆ ಮೇಲಕ್ಕೆ ಕರೆದೊಯ್ದಾಗ ಅವನು ಮಕ್ಕಳನ್ನು ಎರಡು ಬುಟ್ಟಿಯಲ್ಲಿ ಕೂರಿಸಿ, ಅಡ್ಡೆ ಹೊತ್ತು ಬೆನ್ನಟ್ಟುತ್ತಾನೆ. ಇನ್ನೇನು ಸಿಕ್ಕಳು ಎನ್ನುವಾಗ ಪಶ್ಚಿಮದ ರಾಜಮಾತೆ ಎಂಬ ದೇವತೆ ತುರುಬಿನ ಕಡ್ಡಿ ಕಿತ್ತು ಆಕಾಶದ ಮೇಲೆ ಗೀರೆಳೆಯುತ್ತಾಳೆ. ಆ ಗೀರೇ ನದಿಯಾಗುತ್ತದೆ. ವರ್ಷಕ್ಕೊಮ್ಮೆ, ಏಳನೇ ತಿಂಗಳ ಏಳನೇ ರಾತ್ರಿ, ಮ್ಯಾಗ್ಪೈ ಹಕ್ಕಿಗಳು ರೆಕ್ಕೆಗೆ ರೆಕ್ಕೆ ಕೂಡಿಸಿ ಕಟ್ಟಿದ ಸೇತುವೆಯ ಮೇಲೆ ಗಂಡ ಹೆಂಡತಿ ಸೇರುತ್ತಾರೆ.

ನದಿ, ಅಡ್ಡೆ, ಎರಡು ಬುಟ್ಟಿ, ಎಲ್ಲಕ್ಕೂ ಆಕಾಶದಲ್ಲಿ ಜಾಗವಿದೆ. ಒಮ್ಮೆ ಕಣ್ಣಿಗೆ ಬಿದ್ದರೆ ಕಥೆ ಯಾಕೆ ಹೀಗೆ ಹುಟ್ಟಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಮೊದಲು ದಿನ

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಬ್ಬ ಜುಲೈ 7ರಂದು ಎಂದುಕೊಂಡು ಹೊರಗೆ ಬರುತ್ತಾರೆ. ಅದು ಇದೇ ಕಥೆಯ ಜಪಾನೀ ರೂಪವಾದ ತಾನಾಬಾತಾ ಹಬ್ಬವನ್ನು ಹೊಸ ಕ್ಯಾಲೆಂಡರಿಗೆ ಸರಿಸಿದ್ದರಿಂದ ಬಂದ ದಿನ. ಜಪಾನು 1873ರಲ್ಲಿ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯಿತು. ಜುಲೈ 7 ಅಲ್ಲಿ ಸಾಮಾನ್ಯವಾಗಿ ಮಳೆಗಾಲದೊಳಗೇ ಬೀಳುವುದರಿಂದ ನಕ್ಷತ್ರ ಕಾಣುವ ಭರವಸೆ ಕಡಿಮೆ. ಚಂದ್ರನೂ ಕಥೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಅದಕ್ಕೇ ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯ 2001ರಿಂದ ‘ಸಾಂಪ್ರದಾಯಿಕ ತಾನಾಬಾತಾ’ದ ದಿನವನ್ನು ಬೇರೆಯಾಗಿ ಪ್ರಕಟಿಸುತ್ತಿದೆ.

ಚೀನಾದಲ್ಲಿ ಲೆಕ್ಕ ಹಳೆಯದೇ: ಅಮಾವಾಸ್ಯೆ ಬಿದ್ದ ದಿನ ತಿಂಗಳ ಒಂದನೇ ದಿನ, ಅಲ್ಲಿಂದ ಏಳನೆಯದು ಹಬ್ಬ. 2026ರಲ್ಲಿ ಅದು ಆಗಸ್ಟ್ 19, 2027ರಲ್ಲಿ ಆಗಸ್ಟ್ 8, 2028ರಲ್ಲಿ ಆಗಸ್ಟ್ 26. ಅಧಿಕ ಮಾಸ ಬಂದ ವರ್ಷ ಎಚ್ಚರ ಬೇಕು. 2006ರಲ್ಲಿ ಏಳನೇ ತಿಂಗಳೇ ಎರಡು ಬಾರಿ ಬಂದು, ಜುಲೈ 31 ಮತ್ತು ಆಗಸ್ಟ್ 30 ಎರಡೂ ‘ಏಳರ ಏಳು’ ಆಗಿದ್ದವು.

ಈ ದಿನವನ್ನೇ ಹಿಡಿಯಬೇಕು ಎನ್ನಲು ಗಟ್ಟಿ ಕಾರಣವಿದೆ. ಅಂದು ಅರ್ಧಕ್ಕೆ ಸಮೀಪವಾದ ಚಂದ್ರ ನೈಋತ್ಯದಲ್ಲಿ ತಗ್ಗಿನಲ್ಲಿರುತ್ತಾನೆ. ಸಂಜೆ ಅಂಗಳದಲ್ಲಿ ಕೆಲಸ ಮಾಡಲು ಬೇಕಾದಷ್ಟು ಬೆಳಕು ಕೊಟ್ಟು, ರಾತ್ರಿ ಹತ್ತು-ಹನ್ನೊಂದರ ಸುಮಾರಿಗೆ ಮುಳುಗುತ್ತಾನೆ. ಅವನು ಮುಳುಗಿದ ಮೇಲೆ ನದಿ ತುಂಬಿ ಬರುತ್ತದೆ. ಹಬ್ಬದ ರಾತ್ರಿಗೆ ಹೀಗೆ ಎರಡು ಅಂಕ, ಮತ್ತು ಅವೆರಡೂ ಬೇಕು.

ಇಬ್ಬರನ್ನು ಹುಡುಕುವುದು

ಗಡಿಯಾರಕ್ಕಿಂತ ಸೂರ್ಯಾಸ್ತವನ್ನು ನಂಬಿ: ಸೂರ್ಯ ಮುಳುಗಿ ಎರಡು ಗಂಟೆಯ ಮೇಲೆ ಹೊರಡಿ. ಇಡೀ ಚೀನಾಕ್ಕೆ ಒಂದೇ ಗಡಿಯಾರ ಇರುವುದರಿಂದ ‘ರಾತ್ರಿ ಒಂಬತ್ತು’ ಎಂದರೆ ಬೀಜಿಂಗಿನಲ್ಲಿ ಕತ್ತಲು, ದೂರದ ಪಶ್ಚಿಮದ ಕಾಶ್ಗರಿನಲ್ಲಿ ಇನ್ನೂ ಬೆಳಕು.

ನೆತ್ತಿಯ ಹತ್ತಿರ ನೀಲಿ ಛಾಯೆಯ ಬಿಳಿ ಬಣ್ಣದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವುದು ಝೀನ್ಯೂ. ಕನ್ನಡದಲ್ಲಿ ಅಭಿಜಿತ್ ಎನ್ನುವ ವೇಗಾ ನಕ್ಷತ್ರ ಇದೇ. ಆಗಸ್ಟಿನ ನಡುವೆ ಬೀಜಿಂಗಿನಿಂದ ಅವಳು ಹೆಚ್ಚುಕಡಿಮೆ ನೆತ್ತಿಯ ಮೇಲೇ ನಿಲ್ಲುತ್ತಾಳೆ, ದಕ್ಷಿಣಕ್ಕೆ ಹೋದಷ್ಟೂ ಉತ್ತರದ ಕಡೆ ಜಾರುತ್ತಾಳೆ. ಅವಳ ಪಕ್ಕದಲ್ಲಿ ನಾಲ್ಕು ಮಂಕು ನಕ್ಷತ್ರಗಳ ಸಣ್ಣ ಓರೆ ಚೌಕವಿದೆ. ಅದನ್ನು ಅವಳ ಲಾಳಿ ಎಂದು ಗುರುತಿಸುವ ರೂಢಿ ಇದೆ.

ಈಗ ತೋಳು ಪೂರ್ತಿ ಚಾಚಿ. ಬಿಗಿಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಭಿಜಿತ್‌ನಿಂದ ಆಗ್ನೇಯಕ್ಕೆ ಮೂರೂವರೆ ಮುಷ್ಟಿ ಅಳೆದರೆ ಶ್ರವಣ, ಅಂದರೆ ಆಲ್ಟೇರ್, ಸಿಗುತ್ತದೆ. ಇವನೇ ನ್ಯೂಲಾಂಗ್. ತೋಳು ಮಡಚಿ ಅಳೆದರೆ ಮುಷ್ಟಿ ದೊಡ್ಡದಾಗಿ ಕಂಡು ಲೆಕ್ಕ ತಪ್ಪುತ್ತದೆ. ಸಿಕ್ಕಿದ್ದು ಅವನೇ ಎನ್ನಲು ಸಾಕ್ಷಿ ಅಡ್ಡೆ: ಎರಡು ಬದಿಗೂ ಒಂದೊಂದು ಸಣ್ಣ ನಕ್ಷತ್ರ, ಮೂರೂ ಬಹುತೇಕ ಒಂದೇ ಗೆರೆಯಲ್ಲಿ, ಇಡೀ ಸಾಲು ಚಾಚಿದ ಕೈಯ ಮೂರು ಬೆರಳಿನಗಲ. ಅವೇ ಬುಟ್ಟಿಯಲ್ಲಿ ಕೂತ ಮಕ್ಕಳು. ಉತ್ತರ ಬದಿಯ ಮಗು ತುಸು ಹೆಚ್ಚು ಹೊಳೆಯುತ್ತದೆ, ದಕ್ಷಿಣದ್ದು ಮಂಕು. ಬೀದಿದೀಪದ ಬೆಳಕಿನಲ್ಲಿ ಮೊದಲು ಮಾಯವಾಗುವುದು ಈ ಎರಡನೆಯದೇ. ಆಗ ದುರ್ಬೀನು ಹಿಡಿಯಿರಿ. ಸಾಧಾರಣ 7×50 (ಏಳು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ) ದುರ್ಬೀನಿನಲ್ಲಿ ಮೂರೂ ಒಟ್ಟಿಗೆ ಹಿಡಿಸುತ್ತವೆ.

ಮೋಸ ಮಾಡುವ ನಕ್ಷತ್ರಗಳೂ ಇವೆ. ದಕ್ಷಿಣದ ತಗ್ಗಿನಲ್ಲಿರುವ ಜ್ಯೇಷ್ಠಾ ನಕ್ಷತ್ರದ ಎರಡು ಬದಿಗೂ ಸಣ್ಣ ನಕ್ಷತ್ರಗಳಿದ್ದು, ಥೇಟ್ ಅಡ್ಡೆ ಹೊತ್ತವನಂತೆಯೇ ಕಾಣುತ್ತದೆ. ಅದು ಕೆಂಪು, ನ್ಯೂಲಾಂಗ್ ಬಿಳಿ. ಪಶ್ಚಿಮದ ಸ್ವಾತಿಯನ್ನು ಝೀನ್ಯೂ ಎಂದುಕೊಂಡವರು ಅದರ ಕಿತ್ತಳೆ ಬಣ್ಣ ನೋಡಿ ತಿದ್ದಿಕೊಳ್ಳಬಹುದು. ಮಿನುಗದೆ ಒಂದೇ ಸಮ ಬೆಳಗುವುದು ಗ್ರಹ.

ಚೀನೀ ನಕ್ಷತ್ರಪಟ ಬಳಸುವವರಿಗೆ ಇನ್ನೊಂದು ತೊಡಕು. ಚಂದ್ರನ 28 ಮನೆಗಳಲ್ಲಿ ‘ನ್ಯೂ’, ಅಂದರೆ ದನ, ಎಂಬ ಒಂದು ಮನೆಯಿದೆ. ಅದು ಮಕರ ರಾಶಿಯ ಮಂಕು ನಕ್ಷತ್ರಗಳದ್ದು, ಶ್ರವಣ ಅಲ್ಲ. ಪಟದಲ್ಲಿ ಶ್ರವಣದ ಹೆಸರು ‘ಹೆಗು’ ಗುಂಪಿನ ಎರಡನೆಯದು. ಸೀಮಾ ಚಿಯೆನ್ ಬರೆದ ಹಳೆಯ ಇತಿಹಾಸ ಗ್ರಂಥದಲ್ಲೂ ದನದ ನಕ್ಷತ್ರ ಬೇರೆ, ಅದರ ಉತ್ತರಕ್ಕಿರುವ ಹೆಗು ಬೇರೆ. ಜನರ ಕಥೆ ಮಾತ್ರ ಹೊಳೆಯುವ ನಕ್ಷತ್ರವನ್ನೇ ನಾಯಕನನ್ನಾಗಿ ಹಿಡಿದುಕೊಂಡಿತು, ಮತ್ತು ಅದು ಸರಿಯಾದ ಆಯ್ಕೆ. ಮಕರದ ಮಂಕು ಚುಕ್ಕಿಗೆ ಅಡ್ಡೆಯೂ ಇಲ್ಲ, ಮಕ್ಕಳೂ ಇಲ್ಲ.

ನದಿ

ಇಬ್ಬರ ನಡುವೆ ಹರಿಯುವ ಬೆಳ್ಳಿ ನದಿಯೇ ಆಕಾಶಗಂಗೆ. ಚಂದ್ರ ಮುಳುಗುವವರೆಗೆ ಕಾಯಿರಿ. ಅಷ್ಟರಲ್ಲಿ 20ರಿಂದ 30 ನಿಮಿಷ ಕಣ್ಣಿಗೆ ಯಾವ ಬೆಳಕೂ ಬೀಳದಿರಲಿ. ಫೋನನ್ನು ಒಮ್ಮೆ ತೆರೆದರೂ ಮತ್ತೆ ಮೊದಲಿನಿಂದ ಕಾಯಬೇಕು. ದೀಪ ಬೇಕೇಬೇಕೆಂದರೆ ಮಂದ ಕೆಂಪು ದೀಪ ಸಾಕು. ನದಿಯ ಮಧ್ಯದಲ್ಲೇ ಈಶಾನ್ಯದ ಕಡೆ ಡೆನೆಬ್ ಎಂಬ ಹೊಳೆಯುವ ನಕ್ಷತ್ರವಿದೆ. ಅದರ ಸುತ್ತಲಿನ ಒಂಬತ್ತು ನಕ್ಷತ್ರಗಳಿಗೆ ಚೀನೀ ಹೆಸರು ‘ತಿಯಾನ್‌ಜಿನ್’, ಆಕಾಶನದಿಯ ಕಡವು. ಅದು ಪ್ರೇಮಿಗಳ ನೇರ ನಡುವೆ ಇಲ್ಲ, ತುಸು ಪಕ್ಕಕ್ಕಿದೆ. ಆದರೂ ಹಕ್ಕಿಗಳ ಸೇತುವೆಯನ್ನು ಕಲ್ಪಿಸಿಕೊಳ್ಳಲು ಅದಕ್ಕಿಂತ ತಕ್ಕ ಜಾಗ ಆಕಾಶದಲ್ಲಿಲ್ಲ.

ನಗರದೊಳಗೆ ನದಿ ಕಾಣುವುದಿಲ್ಲ. ನದಿ ಕಾಣದಿದ್ದರೆ ಅಗಲಿಕೆಯೂ ಕಾಣುವುದಿಲ್ಲ, ಎರಡು ಚುಕ್ಕಿ ಮಾತ್ರ ಉಳಿಯುತ್ತವೆ. ಇದಕ್ಕಾಗಿ ಊರ ಹೊರಗೆ ಹೋಗುವ ಶ್ರಮ ಖಂಡಿತ ಪಡಬೇಕು. ಅಂದು ಮಳೆ ಬಂದರೆ ಅದು ಅವರಿಬ್ಬರ ಕಣ್ಣೀರು ಎನ್ನುತ್ತಾರೆ. ಮೋಡ ಮುಚ್ಚಿದರೆ ಚಂದ್ರಮಾನದ 20ನೇ ದಿನ ಕಳೆದ ಮೇಲೆ ಹೋಗಿ. ಆಗ ಚಂದ್ರ ತಡವಾಗಿ ಏಳುತ್ತಾನೆ, ನಕ್ಷತ್ರಗಳು ಇನ್ನೂ ಅಲ್ಲೇ ಇರುತ್ತವೆ.

ಕಥೆ ಹೇಳುವಾಗ

ಇಡೀ ಕಥೆ ಒಂದೇ ಸಲ ಹುಟ್ಟಿತೆಂದು ಹೇಳಬೇಡಿ. ಚೀನಾದ ಅತಿ ಹಳೆಯ ಪದ್ಯಸಂಕಲನ ‘ಶೀಜಿಂಗ್’ನಲ್ಲಿ ನೇಯುವ ನಕ್ಷತ್ರ ಬಟ್ಟೆ ನೇಯುವುದಿಲ್ಲ, ದನದ ನಕ್ಷತ್ರ ಗಾಡಿ ಎಳೆಯುವುದಿಲ್ಲ ಎಂಬ ದೂರು ಮಾತ್ರ ಇದೆ. ಅಲ್ಲಿ ಪ್ರೇಮವಿಲ್ಲ. ಹಾನ್ ಅರಸರ ಕಾಲದ ‘ಹತ್ತೊಂಬತ್ತು ಹಳೆಯ ಪದ್ಯಗಳು’ ಗುಚ್ಛದಲ್ಲಿ ಅವಳು ದಿನವಿಡೀ ಕೂತರೂ ಬಟ್ಟೆ ಮುಗಿಯುವುದಿಲ್ಲ, ಕಣ್ಣೀರು ನಿಲ್ಲುವುದಿಲ್ಲ; ಮಧ್ಯೆ ಇರುವುದು ತಿಳಿಯಾದ, ಆಳವಿಲ್ಲದ ನೀರು ಮಾತ್ರ. ಎದೆ ಹಿಂಡುವುದು ಆ ಆಳವಿಲ್ಲದ ನೀರೇ. ನಿಜದ ದೂರ ಬೇಕೆಂದರೆ, ನಮ್ಮಿಂದ ಅವಳು 25 ಜ್ಯೋತಿರ್ವರ್ಷ, ಅವನು ಸುಮಾರು 17, ಇಬ್ಬರ ನಡುವೆ ಸುಮಾರು 15.

ಹಗಲಿನ ಸೂಜಿ

ಹಬ್ಬದ ಹಳೆಯ ತಿರುಳು ಝೀನ್ಯೂ ಬಳಿ ಕೈಚಳಕ ಬೇಡುವುದು. ಆರನೇ ಶತಮಾನದ ದಾಖಲೆಯಲ್ಲೇ ಹೆಂಗಸರು ಆ ಸಂಜೆ ಏಳು ಕಣ್ಣಿನ ಸೂಜಿಗೆ ದಾರ ಪೋಣಿಸುತ್ತಿದ್ದುದು ಬರುತ್ತದೆ. ಮಿಂಗ್ ಅರಸರ ಕಾಲದ ಬೀಜಿಂಗಿನಲ್ಲಿ ಮಧ್ಯಾಹ್ನ ನೀರಿನ ಮೇಲೆ ಸೂಜಿ ತೇಲಿಸಿ, ತಳದ ನೆರಳು ಓದುತ್ತಿದ್ದರು. ನೆರಳು ಮೋಡ, ಹೂವು, ಕತ್ತರಿಯಂತಿದ್ದರೆ ಚಳಕ ದಕ್ಕಿತು. ಒನಕೆಯಂತೆ ದಪ್ಪವೋ ದಾರದಂತೆ ಸಣಕಲೋ ಆದರೆ ಇಲ್ಲ.

ನೀವೂ ಮಾಡಿ ನೋಡಬೇಕೆಂದರೆ, ತಿಳಿ ಬಣ್ಣದ ತಳವಿರುವ ಅಗಲ ಬಟ್ಟಲಿಗೆ ನಾಲ್ಕೈದು ಸೆಂಟಿಮೀಟರ್ ನೀರು ತುಂಬಿ ಬಿಸಿಲಲ್ಲಿಡಿ. ಹಿಂದಿನವರು ಮೇಲೆ ಪೊರೆ ಕಟ್ಟುವವರೆಗೆ ಬಿಡುತ್ತಿದ್ದರು. ಇರುವುದರಲ್ಲಿ ಸಣ್ಣ ಹೊಲಿಗೆ ಸೂಜಿಯನ್ನು ಒರೆಸಿ, ಎಣ್ಣೆ ಸೋಕಿದ ಬೆರಳಿನಿಂದ ಸವರಿ. ತೆಳು ಟಿಶ್ಯೂ ಚೂರಿನ ಮೇಲೆ ಅಡ್ಡಲಾಗಿಟ್ಟು ನೀರಿಗೆ ಬಿಡಿ. ಕಾಗದ ನೆನೆದು ಮುಳುಗಿದಾಗ ಸೂಜಿ ಮೇಲೆ ಉಳಿಯುತ್ತದೆ. ಸೂಜಿಯ ಭಾರಕ್ಕೆ ನೀರಿನ ಮೈ ತಗ್ಗಾಗಿ ಬಿಸಿಲನ್ನು ಅತ್ತಿತ್ತ ಬಾಗಿಸುವುದರಿಂದ ನೆರಳು ಸೂಜಿಗಿಂತ ಎಷ್ಟೋ ಅಗಲವಾಗಿ, ಅಂಚಿಗೆ ಬೆಳಕಿನ ಗೆರೆ ಹೊತ್ತು ಬೀಳುತ್ತದೆ. ಸೂಜಿ ಪದೇಪದೇ ಮುಳುಗಿದರೆ ಹೆಚ್ಚಾಗಿ ಬಟ್ಟಲಿಗೆ ಅಂಟಿದ ಸೋಪೇ ಕಾರಣ. ಬಿಸಿನೀರಲ್ಲಿ ಎರಡು ಸಲ ತೊಳೆದು, ಸೂಜಿಯನ್ನು ಪೂರ್ತಿ ಒಣಗಿಸಿ ಮತ್ತೆ ಇಡಿ. ಗಾಳಿ ಬೀಸುವ ಕಡೆ ಬಟ್ಟಲಿಗೆ ಏನಾದರೂ ಮರೆ ಮಾಡಿ, ಇಲ್ಲದಿದ್ದರೆ ಸೂಜಿ ತೇಲಿದರೂ ನೆರಳು ಒಂದು ಆಕಾರಕ್ಕೆ ನಿಲ್ಲುವುದಿಲ್ಲ.