ಮಂಗಳನ ಕಲ್ಲಿನ ಚುಕ್ಕೆ, ಕೋಡಿಬೆಂಗ್ರೆಯ ಕೆಸರು

2024ರ ಜುಲೈಯಲ್ಲಿ ಮಂಗಳ ಗ್ರಹದ ‘ಚೆಯಾವಾ ಫಾಲ್ಸ್’ ಕಲ್ಲಿನ ಫೋಟೋ ನೋಡಿದೆ. ಕೆಂಪು ಕಲ್ಲಿನ ತುಂಬ ಬಿಳಿಚಿದ ಸಣ್ಣ ಚುಕ್ಕೆಗಳು, ಸುತ್ತ ಕಪ್ಪು ಅಂಚು, ಥೇಟ್ ಚಿರತೆಯ ಮೈ. ಜೆಝೆರೋ ಕುಳಿಯಲ್ಲಿ ಹಿಂದೆ ಸರೋವರ ಇತ್ತು. ಅದಕ್ಕೆ ನೀರು ತರುತ್ತಿದ್ದ ಹಳೆಯ ನದಿಯ ದಾರಿಯಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್‌ಗೆ ಸಿಕ್ಕಿದ ಕಲ್ಲು ಅದು. ಅಂದರೆ ಒಂದು ಕಾಲದ ಕೆಸರು.

ಕೆಸರು ನಮ್ಮ ಉಡುಪಿಯಲ್ಲೂ ಇದೆ ಅಲ್ವಾ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ, ಕೆಸರಿನ ಸೂಕ್ಷ್ಮಜೀವಿಗಳು ಇಂಥ ಚುಕ್ಕೆ ಮಾಡಬಲ್ಲವು ಎಂಬುದನ್ನು ಮಕ್ಕಳಿಗೆ ಕಣ್ಣೆದುರೇ ತೋರಿಸಬೇಕು ಅನಿಸಿತು. ನೀರು ಇಳಿದ ಹೊತ್ತಿಗೆ ಕೋಡಿಬೆಂಗ್ರೆಗೆ ಹೋದೆ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಜಾಗ. ಮೇಲಿನ ಕಂದು ಪದರ ಸರಿಸಿದರೆ ಅಡಿಯಲ್ಲಿ ಕಾಡಿಗೆಯಂಥ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುತ್ತಿದ್ದ ಅಕ್ಕ ಒಬ್ಬರು, “ಮಾಷ್ಟ್ರೇ, ಈ ಗಬ್ಬು ಕೆಸರು ಎಂತಕ್ಕೆ?” ಅಂದರು. ನನಗೆ ಬೇಕಿದ್ದುದೇ ಆ ಗಬ್ಬು. ಗಾಳಿ ತಾಗದ ಆಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣದ ಜೊತೆ ಸೇರಿ ಕೆಸರು ಕಪ್ಪಾಗುತ್ತದೆ.

ಮನೆಗೆ ತಂದು ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಾಳಿಗಿಟ್ಟೆ. ಕಪ್ಪು ಹೋಗಿ ಕಂದು ಬಂತು. ಆಮೇಲೆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಪೇಪರ್ ಚೂರು, ಅಲ್ಲಿಯದೇ ಉಪ್ಪುನೀರು ಸೇರಿಸಿ ಎರಡು ಗಾಜಿನ ಬಾಟಲಿಗೆ ತುಂಬಿದೆ. ಒಂದರ ಕೆಸರನ್ನು ಮಾತ್ರ, ಅದರಲ್ಲಿನ ಜೀವಿಗಳು ಸಾಯಲಿ ಅಂತ, ಮೊದಲೇ ಕುದಿಸಿದ್ದೆ.

ಎರಡನೇ ವಾರ ಕುದಿಸದ ಬಾಟಲಿಯಲ್ಲಿ, ಪೇಪರ್ ಚೂರಿನ ಪಕ್ಕ, ಗಾಜಿಗೆ ಅಂಟಿಕೊಂಡು ಸಾಸಿವೆಯಷ್ಟು ಕಪ್ಪು ಚುಕ್ಕೆ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತಿದ್ದೆ. ತಿಂಗಳಾದ ಮೇಲೆ ಕುದಿಸಿದ್ದರಲ್ಲೂ ಚುಕ್ಕೆ ಬಂದಾಗ ತಲೆ ಕೆಟ್ಟಿತು. ಸುಮ್ನೆ ಕುದಿಸಿದರೆ ಸಾಯದ ಬೀಜಾಣುಗಳು ಕೆಸರಲ್ಲಿರುತ್ತವೆ. ಮತ್ತೆ ಶುರು ಮಾಡಿದೆ. ಈ ಸಲ ಮುಚ್ಚಳ ಸಡಿಲ ಬಿಟ್ಟು ಬಾಟಲಿಯನ್ನೇ ಮುಕ್ಕಾಲು ಗಂಟೆ ಕುಕ್ಕರಿನಲ್ಲಿಟ್ಟೆ. ಅದು ಕಂದು ಬಣ್ಣದಲ್ಲೇ ಉಳಿಯಿತು.

ಮಂಗಳನಲ್ಲಿ ಹೀಗೆ ಹೋಲಿಸಿ ನೋಡಲು ಕುಕ್ಕರಿನ ಬಾಟಲಿ ಇಲ್ಲ. ಕಷ್ಟ ಇರುವುದು ಅಲ್ಲೇ. ಆ ಚುಕ್ಕೆಗಳಲ್ಲಿ ಕಬ್ಬಿಣ-ರಂಜಕದ ವಿವಿಯನೈಟ್, ಕಬ್ಬಿಣ-ಗಂಧಕದ ಗ್ರೈಗೈಟ್ ಎಂಬ ಖನಿಜಗಳು ಇರುವಂತಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಜೀವವಿಲ್ಲದೆಯೂ ಇವು ಆಗಬಹುದು. ಅದಕ್ಕೇ ವಿಜ್ಞಾನಿಗಳು ‘ಜೀವದ ಗುರುತು ಇರಬಹುದು’ ಎನ್ನುತ್ತಾರೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಈ ಎಚ್ಚರ ನನಗೆ ತುಂಬ ಇಷ್ಟ.

ಈ ವರ್ಷ ಮಕ್ಕಳಿಗೆ ಲೇಬಲ್ ಇಲ್ಲದ ಬಾಟಲಿಗಳನ್ನು ಕೊಡುತ್ತಿದ್ದೇನೆ. ಯಾವುದರಲ್ಲಿ ಜೀವ ಇತ್ತು, ಹೇಗೆ ಗೊತ್ತಾಯಿತು ಅಂತ ಅವರೇ ಬರೆದು ತರಬೇಕು.