ದೇಶಗಳನ್ನು ಅಳೆಯಲು ನಿಮ್ಮ ಜಿಲ್ಲೆಯೇ ಅಳತೆಗೋಲು

‘ಜಮೈಕಾದ ವಿಸ್ತೀರ್ಣ 10,991 ಚದರ ಕಿಲೋಮೀಟರ್’ ಎಂದರೆ ನನ್ನ ತರಗತಿಯ ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ‘ಜಮೈಕಾ ನಮ್ಮ ಕಲಬುರಗಿ ಜಿಲ್ಲೆಯಷ್ಟೇ ಇದೆ’ ಎಂದರೆ ತಲೆ ಎತ್ತುತ್ತಾರೆ. ಉಸೇನ್ ಬೋಲ್ಟ್, ಮೈಕೆಲ್ ಹೋಲ್ಡಿಂಗ್, ಕ್ರಿಸ್ ಗೇಲ್ ಹುಟ್ಟಿದ ದೇಶ ಆಳಂದ, ಚಿತ್ತಾಪುರ, ಸೇಡಂಗಳ ತೊಗರಿ ಹೊಲಗಳಿರುವ ಒಂದು ಜಿಲ್ಲೆಯಷ್ಟೇ ನೆಲ ಎಂಬುದು ಅವರಿಗೆ ನಂಬಲಾಗದ ಸಂಗತಿ. ಸಮಾಜ ವಿಜ್ಞಾನ ಕಲಿಸುವವಳಾಗಿ ನನ್ನ ನಂಬಿಕೆ ಇಷ್ಟೇ: ಓಡಾಡಿ ಬಲ್ಲ ನೆಲದೊಂದಿಗೆ ಹೋಲಿಸದ ಹೊರತು ದೇಶದ ಗಾತ್ರ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಹೋಲಿಕೆಗೂ ಒಂದು ಕ್ರಮವಿದೆ.

ಮೊದಲು ನಿಮ್ಮ ಅಳತೆಗೋಲನ್ನು ಗಟ್ಟಿ ಮಾಡಿಕೊಳ್ಳಿ. ಎರಡು ಸಾಕು, ನಿಮ್ಮ ಜಿಲ್ಲೆ ಮತ್ತು ರಾಜ್ಯ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 6.11 ಕೋಟಿ. ಕಲಬುರಗಿ ಜಿಲ್ಲೆ ಸುಮಾರು 10,950 ಚದರ ಕಿಲೋಮೀಟರ್, 25.66 ಲಕ್ಷ ಜನ. ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಪುಸ್ತಕ ತೆರೆದರೆ ಗುಲ್ಬರ್ಗ ಜಿಲ್ಲೆ 16 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಎಂದಿರುತ್ತದೆ. ಯಾದಗಿರಿ ಬೇರೆಯಾಗುವ ಮೊದಲಿನ ಲೆಕ್ಕ ಅದು. ಜನಸಂಖ್ಯೆಗೆ ಮಾತ್ರವಲ್ಲ, ವಿಸ್ತೀರ್ಣಕ್ಕೂ ಇಸವಿ ನೋಡಬೇಕು.

ಚದರ ಕಿಲೋಮೀಟರ್ ಕಣ್ಣಿಗೆ ಕಟ್ಟದಿದ್ದರೆ ಅದರ ವರ್ಗಮೂಲ ತೆಗೆಯಿರಿ. 10,950ರ ವರ್ಗಮೂಲ ಸುಮಾರು 105. ಅಂದರೆ ಇಡೀ ಜಿಲ್ಲೆಯನ್ನು ಚೌಕವಾಗಿ ಮಡಿಸಿಟ್ಟರೆ ಒಂದೊಂದು ಬದಿ 105 ಕಿಲೋಮೀಟರ್, ಹೆಚ್ಚುಕಡಿಮೆ ಕಲಬುರಗಿಯಿಂದ ಬೀದರ್‌ಗೆ ಹೋಗುವಷ್ಟು ದಾರಿ. ಕರ್ನಾಟಕದ ಚೌಕದ ಬದಿ 438 ಕಿಲೋಮೀಟರ್, ಭಾರತದ್ದು ಸುಮಾರು 1,800, ಆಸ್ಟ್ರೇಲಿಯಾದ್ದು ಸುಮಾರು 2,770. ಆಸ್ಟ್ರೇಲಿಯಾದ ಬದಿ ಕರ್ನಾಟಕದ ಬದಿಯ ಆರೂಕಾಲು ಪಟ್ಟಿಗಿಂತ ತುಸು ಹೆಚ್ಚು, ಆದರೆ ನೆಲ 40 ಪಟ್ಟು. ಉದ್ದ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ನಕ್ಷೆಯ ಮಾತು. ಮೊಬೈಲಿನಲ್ಲಿ ದಾರಿ ಹುಡುಕಲು ಬಳಸುವ ನಕ್ಷೆಗಳು ಬಹುತೇಕ 1569ರಲ್ಲಿ ನಕ್ಷೆಗಾರ ಮರ್ಕೇಟರ್ ರೂಪಿಸಿದ ವಿಧಾನವನ್ನೇ ಅನುಸರಿಸುತ್ತವೆ. ಭೂಗೋಳದ ಮೇಲೆ ರೇಖಾಂಶಗಳು ಧ್ರುವದತ್ತ ಹೋದಂತೆ ಹತ್ತಿರವಾಗುತ್ತವೆ. ಈ ನಕ್ಷೆಯಲ್ಲಿ ಅವು ಸಮಾನಾಂತರ. ಹಾಗಾಗಿ ಉತ್ತರದ ನೆಲ ಅಗಲಕ್ಕೆ ಹಿಗ್ಗುತ್ತದೆ, ದಿಕ್ಕುಗಳು ಕೆಡದಿರಲೆಂದು ಅಷ್ಟೇ ಪ್ರಮಾಣದಲ್ಲಿ ಎತ್ತರಕ್ಕೂ ಹಿಗ್ಗಿಸಲಾಗುತ್ತದೆ. ನಾವಿಕರಿಗೆ ದಿಕ್ಕು ಮುಖ್ಯವಾಗಿತ್ತು, ಆದ್ದರಿಂದ ಅದು ಕುತಂತ್ರವಲ್ಲ. ಗಾತ್ರ ತಿಳಿಯಲು ಅದನ್ನೇ ನಂಬುವುದು ಮಾತ್ರ ಸಲ್ಲದು.

ಇದನ್ನು ನೀವೇ ಪರೀಕ್ಷಿಸಬಹುದು. ಮೊಬೈಲಿನಲ್ಲಿ ಕಲಬುರಗಿಯನ್ನು ತೆರೆದು, ನಕ್ಷೆ ಚಪ್ಪಟೆಯಾಗಿ ಕಾಣುವಷ್ಟು ಹಿಗ್ಗಿಸಿ. ಮೂಲೆಯಲ್ಲಿರುವ ಅಳತೆಪಟ್ಟಿಯನ್ನು ನೋಡಿ ಒಂದು ಬೆರಳಿನ ಅಗಲಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆದುಕೊಳ್ಳಿ. ಈಗ ಹಿಗ್ಗಿಸದೆ, ಕುಗ್ಗಿಸದೆ ನಕ್ಷೆಯನ್ನು ಸರಿಸುತ್ತ ನಾರ್ವೆಯ ಓಸ್ಲೋಗೆ ಹೋಗಿ. ಅಳತೆಪಟ್ಟಿ ತಾನಾಗಿ ಬದಲಾಗಿರುತ್ತದೆ: ಅದೇ ಬೆರಳಿಗೆ ಈಗ ಸರಿಸುಮಾರು ಅರ್ಧದಷ್ಟೇ ಕಿಲೋಮೀಟರ್. ಉದ್ದ ಅರ್ಧವೆಂದರೆ ಬೆರಳಿನಡಿ ಮುಚ್ಚುವ ನೆಲ ಕಾಲುಭಾಗದಷ್ಟೇ. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಕ್ಕಳಿಗೆ ಗ್ರೀನ್‌ಲ್ಯಾಂಡಿನ ವಿಷಯ ವಿವರಿಸಬೇಕಿಲ್ಲ. ಆ ನಕ್ಷೆಯಲ್ಲಿ ಆಫ್ರಿಕಾಕ್ಕೆ ಸರಿಸಾಟಿಯಂತೆ ಕಾಣುವ ಗ್ರೀನ್‌ಲ್ಯಾಂಡ್ ಇರುವುದು ಸುಮಾರು 21.7 ಲಕ್ಷ ಚದರ ಕಿಲೋಮೀಟರ್. ಭಾರತವೇ ಅದಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಆಫ್ರಿಕಾ 14 ಪಟ್ಟು. ಗ್ರೀನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 57 ಸಾವಿರ; ಕಲಬುರಗಿ ನಗರದ ಹತ್ತರಲ್ಲೊಂದು ಭಾಗ.

ನಕ್ಷೆಯಲ್ಲಿ ಕಣ್ಣಳತೆಯಿಂದಲೇ ಹೋಲಿಸಬೇಕೆಂದರೆ ಒಂದೇ ಅಕ್ಷಾಂಶದ ಆಸುಪಾಸಿನ ನೆಲಗಳನ್ನು ಆರಿಸಿಕೊಳ್ಳಿ. ಕಲಬುರಗಿ 17 ಡಿಗ್ರಿ ಉತ್ತರವನ್ನು ದಾಟಿದ ಮೇಲಿದೆ, ಜಮೈಕಾ 18ರ ಹತ್ತಿರ. ಹೀಗಾಗಿ ಇವೆರಡರ ನಡುವೆ ನಕ್ಷೆ ತಾರತಮ್ಯ ಮಾಡುವುದಿಲ್ಲ. ಆಕಾರ ಮಾತ್ರ ಬೇರೆ, ಜಮೈಕಾ ಪೂರ್ವ ಪಶ್ಚಿಮವಾಗಿ ಸುಮಾರು 235 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ.

ಜನಸಂಖ್ಯೆಯನ್ನು ಪ್ರತ್ಯೇಕವಾಗಿ ಹೋಲಿಸಿ. ಗಾತ್ರವನ್ನೂ ಜನರನ್ನೂ ಒಂದೇ ಉಸಿರಿನಲ್ಲಿ ‘ದೊಡ್ಡ ದೇಶ’ ಎಂದುಬಿಡುವ ಅಭ್ಯಾಸದಿಂದಲೇ ಗೊಂದಲ ಹುಟ್ಟುವುದು. ಎರಡೂ ಕಡೆಯ ಇಸವಿ ಒಂದೇ ಇರಲಿ. ನಮ್ಮಲ್ಲಿ 2021ರ ಜನಗಣತಿ ನಡೆಯಲಿಲ್ಲವಾದ್ದರಿಂದ ಜಿಲ್ಲೆಯ ಮಟ್ಟಕ್ಕೆ 2011ರ ಅಂಕಿಯೇ ಆಧಾರ. ಅದೃಷ್ಟಕ್ಕೆ ಜಮೈಕಾದಲ್ಲೂ 2011ರಲ್ಲಿ ಜನಗಣತಿ ನಡೆದಿತ್ತು: ಸುಮಾರು 27 ಲಕ್ಷ. ನೆಲವೂ ಜನರೂ ಇಷ್ಟು ಹೊಂದುವ ಜೋಡಿ ಅಪರೂಪ. ಮಂಗೋಲಿಯಾ ಎಂಟು ಕರ್ನಾಟಕಗಳಷ್ಟು ನೆಲ, ಸುಮಾರು 35 ಲಕ್ಷ ಜನ. ಬಾಂಗ್ಲಾದೇಶ ಇದಕ್ಕೆ ತೀರಾ ವಿರುದ್ಧ: ಕರ್ನಾಟಕದ ಮುಕ್ಕಾಲು ಪಾಲಿನಷ್ಟು ನೆಲ, ಸುಮಾರು 17 ಕೋಟಿ ಜನ. ಬಾಂಗ್ಲಾದೇಶದ ಸಾಂದ್ರತೆ ಕರ್ನಾಟಕಕ್ಕೆ ಬಂದರೆ ಇಲ್ಲಿ 21 ಕೋಟಿಗೂ ಹೆಚ್ಚು ಜನರಿರಬೇಕಾಗುತ್ತದೆ, 2011ರ ಉತ್ತರ ಪ್ರದೇಶಕ್ಕಿಂತಲೂ ಅಧಿಕ.

ಇಷ್ಟಕ್ಕೇ ನಿಲ್ಲಿಸಬೇಡಿ. ಜನ ಎಲ್ಲಿದ್ದಾರೆ ಎಂದು ಕೇಳದಿದ್ದರೆ ಸರಾಸರಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಈಜಿಪ್ಟನ್ನೇ ನೋಡಿ. ಸುಮಾರು 10 ಲಕ್ಷ ಚದರ ಕಿಲೋಮೀಟರ್, 10 ಕೋಟಿ ದಾಟಿದ ಜನ. ಭಾಗಿಸಿದರೆ ಚದರ ಕಿಲೋಮೀಟರಿಗೆ ನೂರರ ಆಸುಪಾಸು. ಕಲಬುರಗಿ ಜಿಲ್ಲೆಯಲ್ಲೇ 230ಕ್ಕಿಂತ ಹೆಚ್ಚು ಇರುವಾಗ ಈಜಿಪ್ಟ್ ವಿರಳ ಜನರ ನಾಡು ಎಂದು ತೋರುತ್ತದೆ. ವಾಸ್ತವದಲ್ಲಿ ಅಲ್ಲಿನ ನೂರಕ್ಕೆ 95ರಷ್ಟು ಜನ ನೈಲ್ ನದಿಯ ಕಣಿವೆ ಮತ್ತು ಮುಖಜಭೂಮಿಯಲ್ಲಿ, ದೇಶದ ನೂರಕ್ಕೆ ಐದರಷ್ಟು ನೆಲದಲ್ಲಿ ಬದುಕುತ್ತಾರೆ. ಆ ಐದು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸುಮಾರು 50 ಸಾವಿರ ಚದರ ಕಿಲೋಮೀಟರ್, ಅಂದರೆ ಕಾಲು ಕರ್ನಾಟಕ. ಅದರಲ್ಲಿ ಇಡೀ ಕರ್ನಾಟಕಕ್ಕಿಂತ ಹೆಚ್ಚು ಜನ, ಚದರ ಕಿಲೋಮೀಟರಿಗೆ 2 ಸಾವಿರದ ಹತ್ತಿರ. ಕೈರೋ ಏಕೆ ಅಷ್ಟು ಕಿಕ್ಕಿರಿದಿದೆ, ನೈಲ್ ನೀರಿನ ಮಾತು ಬಂದೊಡನೆ ಆ ದೇಶ ಏಕೆ ಕಳವಳಪಡುತ್ತದೆ ಎಂಬುದಕ್ಕೆ ಉತ್ತರ ಈ ಎರಡನೇ ಭಾಗಾಕಾರದಲ್ಲಿದೆ, ಮೊದಲನೆಯದರಲ್ಲಿ ಇಲ್ಲ.

ಬೇರೆ ಜಿಲ್ಲೆಯವರು ಶುರು ಮಾಡಲು ಎರಡು ಜೋಡಿ ಹೇಳುತ್ತೇನೆ. ಕೊಡಗಿನವರು ಅಟ್ಲಾಂಟಿಕ್‌ನ ಕೇಪ್ ವರ್ಡೆ ದ್ವೀಪರಾಷ್ಟ್ರವನ್ನು ಆರಿಸಿಕೊಳ್ಳಬಹುದು: ಕೊಡಗು 4,102 ಚದರ ಕಿಲೋಮೀಟರ್, ಅದು 4,033, ಎರಡರಲ್ಲೂ 5 ಲಕ್ಷದ ಆಸುಪಾಸಿನ ಜನ. ಉತ್ತರ ಕನ್ನಡದವರಿಗೆ ಲೆಬನಾನ್. ಎರಡೂ 10 ಸಾವಿರ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಎರಡಕ್ಕೂ ಪಶ್ಚಿಮದಲ್ಲಿ ಕಡಲು, ಅದರ ಹಿಂದೆಯೇ ಬೆಟ್ಟಸಾಲು. ಆದರೆ ಉತ್ತರ ಕನ್ನಡದಲ್ಲಿ 2011ರಲ್ಲಿ 14 ಲಕ್ಷ ಜನರಿದ್ದರು, ಲೆಬನಾನಿನಲ್ಲಿ ಈಗ 50 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಎಲ್ಲಿ ನೆಲೆಸಿದ್ದಾರೆ ಎಂಬುದನ್ನು ನಕ್ಷೆ ತೆರೆದು ಅದರ ರಾಜಧಾನಿ ಬೈರೂತಿನಿಂದ ಹುಡುಕಲು ಆರಂಭಿಸಿ.